ಅಡುಗೆಮನೆಯ ಓದುಕಟ್ಟೆ

ಹೊಸದಾಗಿ ಕೊಯ್ದ ಕಡಪ ಕಲ್ಲಿನ ಮೇಲೆ ನೀರು ಬಿದ್ದರೆ ಶಾಲೆಯ ಒದ್ದೆ ಪಾಟಿಯ ವಾಸನೆ ಏಳುತ್ತದೆ. ಹೋದ ವಾರ ಕೊಟ್ಟೂರಿನ ನಮ್ಮ ಅಡುಗೆಮನೆಯ ಮೂಲೆಯಲ್ಲಿ ನನಗೊಂದು ಅದೇ ಕಲ್ಲಿನ ಬರೆಯುವ ಮೇಜು ಕೂರಿಸುವಾಗ ಆ ವಾಸನೆ ಬಂತು. ಯಜಮಾನರ ಆಸೆ ಅದು. ಬೇಡವೆನ್ನಲು ನನಗೆ ಕಾರಣ ಸಿಗಲಿಲ್ಲ. ಹಾಗೆ ಕಾರಣ ಹುಡುಕುತ್ತ ನಿಂತಿದ್ದಾಗಲೇ ಚಿಗವ್ವ ನೆನಪಾದಳು, ಅಪ್ಪನ ತಮ್ಮನ ಹೆಂಡತಿ.

ಕಾನಹೊಸಹಳ್ಳಿಯಲ್ಲಿ ನಾವೆಲ್ಲ ಒಟ್ಟಿಗಿದ್ದ ಮನೆ ಈಗಿಲ್ಲ. ಹೆದ್ದಾರಿ ಅಗಲವಾದಾಗ ಹೋಯಿತು. ಅದರ ಅಡುಗೆಮನೆಗೆ ಕಿಟಕಿ ಇರಲಿಲ್ಲ, ಮೇಲೊಂದು ಬೆಳಕಿಂಡಿ ಮಾತ್ರ. ಹುರಿದ ಗುರೆಳ್ಳು, ಜೋಳದ ಹಿಟ್ಟು, ಬೆವರು ಎಲ್ಲವೂ ಸೇರಿ ಅಲ್ಲಿ ಗಾಳಿ ದಪ್ಪವಾಗಿರುತ್ತಿತ್ತು. ಚಿಗವ್ವ ಹರಪನಹಳ್ಳಿಯಿಂದ ಸೊಸೆಯಾಗಿ ಬಂದಾಗ ಬಿ.ಎ. ಕೊನೆಯ ವರ್ಷ ಬಾಕಿ ಇತ್ತು. ಪರೀಕ್ಷೆ ಮುಗಿಯುವವರೆಗೆ ತವರಿನಲ್ಲಿದ್ದು ಓದುತ್ತೇನೆಂದು ಅವಳು ಕೇಳಿದಳು. ಅಜ್ಜಿ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಚಿಗವ್ವನಿಗೆ ಜಗಳವಾದರೂ ಆಡಲು ಬರುತ್ತಿತ್ತೇನೋ.

“ಓದಬ್ಯಾಡ ಅನ್ನಾಕಿ ನಾನಲ್ಲವಾ,” ಅಂದಳು ಅಜ್ಜಿ. “ಅದಕ್ಕ ಊರ್ಯಾಕ ಬಿಡಬೇಕು? ಅಡಿಗಿ ಮನ್ಯಾಗ ಒಂದು ಕಟ್ಟಿ ಹಾಕಸ್ತೀನಿ. ಇತ್ಲಾಗ ರೊಟ್ಟಿ ಬೇಯ್ತಿರ್ಲಿ, ಅತ್ಲಾಗ ನಿನ್ನ ಪಾಠ ನಡೀಲಿ.”

ಗೌಂಡಿ ಬಂದ. ಅಡುಗೆಮನೆಯ ಕಟ್ಟೆಯೆಂದರೆ ಅವನಿಗೆ ಗೊತ್ತಿದ್ದ ಎತ್ತರ ಒಂದೇ, ನಿಂತು ರೊಟ್ಟಿ ಬಡಿಯುವ ಎತ್ತರ. ಗ್ಯಾಸ್ ಕಟ್ಟೆಗೆ ಸಮವಾಗಿ ಗೋಡೆಗೆ ಕಲ್ಲು ಕೂರಿಸಿದ. ಸಿಮೆಂಟು ಆರುವ ಮೊದಲೇ ಅಜ್ಜಿ ಕಲ್ಲಿಗೆ ವಿಭೂತಿ ಹಚ್ಚಿ ಕಾಯಿ ಒಡೆದಳು. ಆಮೇಲೆ ಚಿಗವ್ವ ಕುರ್ಚಿ ಹಾಕಿ ಕೂತು ನೋಡಿದರೆ ಕಲ್ಲು ಗದ್ದಕ್ಕೆ ಬಂತು. ಕಿತ್ತು ಕೆಳಗೆ ಇಡಿಸೋಣವೆಂದು ಚಿಕ್ಕಪ್ಪ ಅಂದದ್ದಕ್ಕೆ, ಪೂಜೆ ಮಾಡಿದ ಕಲ್ಲು ಕೀಳಬಾರದೆಂದು ಅಜ್ಜಿ ಒಪ್ಪಲಿಲ್ಲ. ಓಣಿಯ ಹೆಂಗಸರು ಬಂದು ನೋಡಿ ಹೋದರು. ಸೊಸೆಗೆ ಇಷ್ಟು ಮಾಡುವ ಅತ್ತೆ ಎಲ್ಲಿದ್ದಾಳೆ ಎಂದರು. ಆ ಮಾತಾದ ಮೇಲೆ ತವರಿನ ಹೆಸರು ಎತ್ತಲು ಯಾವ ಬಾಯಿ?

ವರ್ಷವಿಡೀ ಅವಳು ನಿಂತೇ ಓದಿದಳು, ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಟು, ಗೋಡೆಗೆ ಮುಖ ಮಾಡಿ. ಪರೀಕ್ಷೆಯ ದಿನಗಳಲ್ಲಿ ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಂದು ರೊಟ್ಟಿ ಬಡಿದಳು. ಪಾಸಾಗಲಿಲ್ಲ. ಏನಾಯ್ತೆಂದು ಅಜ್ಜಿ ಕೇಳಿದಾಗ ಅವಳು ಅಂದದ್ದು ನಮ್ಮ ಮನೆಯಲ್ಲಿ ಬಹಳ ಕಾಲ ಓಡಾಡಿತು.

“ಏನ್ ಮಾಡ್ಲಿ ಅತ್ತಿ, ಅಲ್ಲಿ ಕುಂದ್ರಿಸಿಬಿಟ್ರು. ಕುಂತ್ರ ನಂಗ ಒಂದೂ ನೆನಪಾಗಲಿಲ್ಲ.”

ಎಲ್ಲರೂ ನಕ್ಕರು. ಆ ಮಾತು ಚಿಕ್ಕಪ್ಪ ಕಟ್ಟಿದ್ದು, ಚಿಗವ್ವ ಹಾಗೆ ಅನ್ನಲೇ ಇಲ್ಲ ಎನ್ನುತ್ತಾನೆ ನನ್ನ ತಮ್ಮ. ಇರಬಹುದು. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಆ ನಗುವಿನಲ್ಲಿ ಅವಳ ನಗುವೂ ಇತ್ತೇ ಎಂದು ಹುಡುಕಿದರೆ ಮುಖ ಬರುವುದಿಲ್ಲ, ಬೆನ್ನು ಬರುತ್ತದೆ. ಮರುವರ್ಷ ಕಲ್ಲಿನ ಅರ್ಧಕ್ಕೆ ರೊಟ್ಟಿ ಬುಟ್ಟಿ ಬಂತು, ಆಮೇಲೆ ಉಳಿದರ್ಧಕ್ಕೆ ಹಿಟ್ಟಿನ ಡಬ್ಬಿ. ಮತ್ತೆ ಪರೀಕ್ಷೆ ಕಟ್ಟು ಎಂದು ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಅವಳು ತೀರಿಕೊಳ್ಳುವುದಕ್ಕೆ ಸ್ವಲ್ಪ ಮುಂಚೆ ಅವರ ಹೊಸ ಮನೆಗೆ ಹೋಗಿದ್ದೆ. ಬೆಳಗಿನ ಬಿಸಿಲಲ್ಲಿ ಕಾಂಪೌಂಡ್ ಗೋಡೆಯ ಮೇಲೆ ಪೇಪರ್ ಹರವಿಕೊಂಡು, ನಿಂತು ಓದುತ್ತಿದ್ದಳು. ಮೊಣಕಾಲು ಬಾತಿದ್ದವು. ಒಳಗಿನಿಂದ ಕುರ್ಚಿ ತಂದು, ಕೂತುಕೊಂಡು ಓದು ಚಿಗವ್ವ ಅಂದೆ. ಅವಳು ತಿರುಗಲಿಲ್ಲ.

“ಇರ್ಲಿ ಬಿಡವಾ. ಇನ್ನೊಂದೀಟು ಐತಿ.”

ಹಾಳೆ ತಿರುವಿ ಓದುತ್ತ ಹೋದಳು. ನಾನು ಕುರ್ಚಿ ಹಿಡಿದುಕೊಂಡೇ ನಿಂತಿದ್ದೆ.