ನಾಲ್ಕು ಹಲಸಿನ ಗೂಟಗಳು

ಐತಪ್ಪ, ನಿನ್ನ ಗಾರೆ ಸೋತಿರಲಿಲ್ಲ. ಆ ಕಪಾಟು ಬಿದ್ದದ್ದು ನನ್ನಿಂದ — ಹನ್ನೊಂದು ವರ್ಷ ಬಾಯಿ ಬಿಡಲಾಗದೆ ಈಗ ಬರೆಯುತ್ತಿದ್ದೇನೆ.

ಚೆಟ್ಟಳ್ಳಿಯ ಎಸ್ಟೇಟ್ ಬಂಗಲೆ ನೆನಪಿದೆಯಲ್ಲ? ನೀನು ಗಾರೆ ಮೇಸ್ತ್ರಿ, ನಾನು ಬಡಗಿ. ದೊರೆಯ ಪುಸ್ತಕದ ಕಪಾಟನ್ನು ಗೋಡೆಗೆ ತೂಗುಹಾಕಬೇಕಿತ್ತು. ಅದಕ್ಕೆಂದೇ ದೊರೆ ಬಾಲ ಸೀಳಿದ ನಾಲ್ಕು ಕಬ್ಬಿಣದ ಸರಳು ತರಿಸಿದ್ದರು, 'ಆಂಕರ್' ಎನ್ನುತ್ತಿದ್ದರು. ನನ್ನ ಮರದ ಗೂಟಕ್ಕೆ ಅವರ ಮಾತಿನಲ್ಲಿ 'ಡಾವೆಲ್'. ಹೆಸರು ಎರಡಾದರೂ ಕೆಲಸ ಒಂದೇ ಎಂದು ನಾನು ಬೀಗಿದ್ದೆ. ಒಂದೇ ಅಲ್ಲ. ಗೂಟ ಮರಕ್ಕೆ ಮರವನ್ನು ಜಾರದಂತೆ ಕೂಡಿಸುತ್ತದೆ, ಅಷ್ಟೇ. ಗೋಡೆಯೊಳಗೆ ಬಾಲ ಅಗಲಿಸಿ ಕೂತು ಎಳೆತ ತಡೆಯುವುದು ಕಬ್ಬಿಣ. ಗೊತ್ತಿರಲಿಲ್ಲ ಎನ್ನಲಾರೆ — ನೀನೇ ಹೇಳಿದ್ದೆ.

ನೀನು ಗೋಡೆಯಲ್ಲಿ ನಾಲ್ಕು ಕುಳಿ ಕೊರೆದು, ಗಾರೆ ಕಲಸಿಟ್ಟಿದ್ದೆ. ಅಷ್ಟರಲ್ಲಿ ಕೂಲಿಯವರ ಲೈನುಮನೆಯ ಗೋಡೆ ಕುಸಿಯಿತೆಂದು ನಿನಗೆ ಕರೆ ಬಂತು. ಹೊರಟವನು ತಿರುಗಿ ಹೇಳಿದೆ: "ಆಚಾರ್ರೇ, ಕಬ್ಬಿಣ ಇಟ್ಟು ಗಾರೆ ತುಂಬ್ಸಿ. ಮಳೆಗಾಲ, ಬೇಗ ಒಣಗಲ್ಲ. ಹದಿನೈದು ದಿನ ಭಾರ ಹಾಕ್ಬೇಡಿ."

ಮರುದಿನವೇ ದೊರೆಸಾನಿ ಬರುವವರಿದ್ದರು. ಅವರಿಂದ ಶಹಬ್ಬಾಸ್ ಎನಿಸಿಕೊಳ್ಳುವ ಆಸೆ ನನಗೆ. ಹಲಸಿನ ಗೂಟಗಳನ್ನು ಕುಳಿಗೆ ಬಡಿದು, ಮೇಲೆ ಗಾರೆ ಸವರಿ, ಅಂದೇ ಕಪಾಟು ತೂಗುಹಾಕಿದೆ. ನೀನು ಲೈನಿನ ಕೆಲಸ ಮುಗಿಸಿ ಬರುವಷ್ಟರಲ್ಲಿ ಹದಿನೈದು ದಿನ ಕಳೆದಿತ್ತು. ಮಳೆಯ ತೇವಕ್ಕೆ ಗೂಟ ಉಬ್ಬಿ ಬಿಗಿಯಾಗಿ ನಿಂತಿತು. ಕಣದಲ್ಲಿ ಕಾಫಿ ಒಣಗುವ ಬಿಸಿಲು ಬಂದಾಗ ಸೊರಗಿ ಸಡಿಲವಾಯಿತು. ಒಂದು ಮಧ್ಯಾಹ್ನ — ದೊರೆಸಾನಿ ಕುರ್ಚಿಯಿಂದ ಎದ್ದು ಬಾಗಿಲವರೆಗೆ ಹೋಗಿದ್ದರು, ಅಷ್ಟೇ — ಕಪಾಟು ಆ ಕುರ್ಚಿಯ ಮೇಲೆ ಬಿತ್ತು.

ಮೊದಲು ಅಲ್ಲಿಗೆ ಓಡಿಬಂದವನು ನಾನು. ಗೂಟಗಳನ್ನು ಪಂಚೆಯ ಮಡಿಲಿಗೆ ಸೇರಿಸಿ, ನನ್ನ ಪೆಟ್ಟಿಗೆಯಲ್ಲೇ ಉಳಿದಿದ್ದ ಕಬ್ಬಿಣಗಳನ್ನು ಗಾರೆಯ ಪುಡಿಯಲ್ಲಿ ಹೊರಳಿಸಿ ಬಿದ್ದ ಪುಸ್ತಕಗಳ ರಾಶಿಗೆ ಹಾಕಿದೆ. ಆಮೇಲೆ ನೀನು ಬಂದು ನನ್ನ ಮುಖ ನೋಡಿದೆ.

"ಕಬ್ಬಿಣ ಹಾಕಿದ್ರಿ ಅಲ್ವಾ, ಆಚಾರ್ರೇ?"

"ಹಾಕಿದ್ದೆ."

"ಹಾಗಾದ್ರೆ ನನ್ನ ಗಾರೆದೇ ತಪ್ಪು."

ದೊರೆ ನಿನ್ನನ್ನು ಹೊರಗೆ ಹಾಕುವ ಮೊದಲೇ ನೀನು ಗಾರೆ ಬಳಿಯುವ ಕರಣೆ ಕೆಳಗಿಟ್ಟೆ. ಈಗ ಕರಿಕೆಯಲ್ಲಿ ಬೇರೆ ಮೇಸ್ತ್ರಿಗಳಿಗೆ ಮಣ್ಣು ಹೊರುತ್ತೀಯಂತೆ. ಕರಣೆ ಕೊಟ್ಟರೂ ಮುಟ್ಟುವುದಿಲ್ಲವಂತೆ. ಅದನ್ನು ಕೇಳಿದ ಮೇಲೆಯೇ ಈ ಕಾಗದಕ್ಕೆ ಕುಳಿತೆ. ಬಿಸಿಲು ಬಲಿತರೆ ಸಾಕು, ಮನೆಯಲ್ಲಿ ಎಲ್ಲಿ ಮರ ಚಟ್ಟೆಂದರೂ ಎದ್ದು ಗೋಡೆ ನೋಡುತ್ತೇನೆ. ನೀನು ಬೈಯುತ್ತೀಯೋ, ಬಾಗಿಲು ಹಾಕುತ್ತೀಯೋ — ಅಥವಾ ಇಷ್ಟು ವರ್ಷದ ಮೇಲೆ ನನ್ನ ಮಾತನ್ನು ನಂಬದೆಯೇ —

ನಾಳೆ ಹೊರಡುತ್ತೇನೆ. ಗೂಟಗಳನ್ನು ತರುತ್ತಿದ್ದೇನೆ. ಈ ಕಾಗದವನ್ನು ನಿನ್ನೆದುರೇ ಓದುತ್ತೇನೆ. ನಿನ್ನೆ ಬಂಗಲೆಗೆ ಹೋಗಿ ದೊರೆಗೂ ಹೇಳಿದೆ. ಅವರು ಅಲ್ಲಿ ಮತ್ತೆ ಏನನ್ನೂ ತೂಗುಹಾಕಿಸಿಲ್ಲ. ಆ ಗೋಡೆಯನ್ನು ಮುಟ್ಟಿ ನೋಡಿದೆ, ಐತಪ್ಪ. ನೀನು ಕೊರೆದ ನಾಲ್ಕು ಕುಳಿಗಳು ಹಾಗೆಯೇ ಇವೆ; ಅಂಚು ಕೂಡ ಉದುರಿಲ್ಲ.