ಹಬ್ಬದ ಗುಳಿಗೆ

ಬಾಗೇವಾಡಿಯ ನಮ್ಮ ಮನೆಯಲ್ಲಿ ಅಡುಗೆಕೋಣೆಯ ಬಾಗಿಲ ಹಿಂದೆ ಗೊಬ್ಬರದಂಗಡಿಯವರು ಕೊಟ್ಟ ಕ್ಯಾಲೆಂಡರ್ ತೂಗುತ್ತದೆ. ಹಾಲು ಬಿಟ್ಟ ದಿನ, ಸಿಲಿಂಡರ್ ಬಂದ ದಿನ, ಎಲ್ಲವನ್ನೂ ಅದರಲ್ಲಿ ಬರೆಯುವವಳು ನಾನೇ. ತಾರೀಖಿನ ಮೂಲೆಯಲ್ಲಿ ಚುಕ್ಕೆಯಿಡುವುದನ್ನು ಮಾತ್ರ ಅಕ್ಕ ಕಲಿಸಿದಳು. ಅವಳದು ಕೆಂಪು, ನನ್ನದು ನೀಲಿ. ಅಕ್ಕ ಮದುವೆಯಾಗಿ ಇಂಡಿಗೆ ಹೋದ ಮೇಲೆ ಅಲ್ಲಿ ನೀಲಿ ಚುಕ್ಕೆ ಒಂದೇ ಉಳಿದಿದೆ. ಪ್ರತಿ ತಿಂಗಳೂ ಅದನ್ನು ಇಡುವಾಗ ಪಕ್ಕದ ಖಾಲಿ ಜಾಗದ ಮೇಲೆ ಒಂದು ಗಳಿಗೆ ಕಣ್ಣು ನಿಲ್ಲುತ್ತದೆ.

ಚುಕ್ಕೆ ಬಿದ್ದ ದಿನ ಆಯಿ, ಅಂದರೆ ಅಪ್ಪನ ತಾಯಿ, "ಇವತ್ತ ಕಡಿಗಿ ಆದಾಕಿ ಯಾರು, ಕೆಂಪೋ ನೀಲಿಯೋ?" ಎಂದು ಕೇಳುತ್ತಿದ್ದಳು. ಮುಟ್ಟಾಗುವುದಕ್ಕೆ ನಮ್ಮಲ್ಲಿ ಕಡಿಗಿ ಆಗುವುದು ಅನ್ನುತ್ತಾರೆ. ದೇವರ ಜಗಲಿಯಿಂದ, ಹಬ್ಬದ ಒಲೆಯಿಂದ ಒಂದು ಕಡೆಗೆ ಸರಿದು ಕೂಡುವುದು. ಆಯಿಗೆ ಕಿವಿ ಮಂದ ಎಂದು ಓಣಿಗೆಲ್ಲ ಗೊತ್ತು. ಆದರೆ ಪಕ್ಕದ ಮನೆಯಲ್ಲಿ ಚಹಾಕ್ಕೆ ಕಪ್ಪು ಜೋಡಿಸಿದರೆ ಆ ಸದ್ದು ಅವಳಿಗೆ ಮೊದಲು ಕೇಳುತ್ತಿತ್ತು.

ಅಕ್ಕ ಮತ್ತು ನಾನು ಹಿತ್ತಲಲ್ಲಿ ಗೊಂಬೆಗಳ ಮದುವೆ ಮಾಡುತ್ತಿದ್ದ ಕಾಲದಲ್ಲೇ ಒಂದು ಮಾತಾಗಿತ್ತು. "ನನ್ನ ಮದವ್ಯಾಗ ನೀನ ಕಳಸಗಿತ್ತಿ. ಬ್ಯಾರೆ ಯಾರಿಗೂ ಕೊಡಾಂಗಿಲ್ಲ" ಎಂದಿದ್ದಳು ಅಕ್ಕ. ಮದುಮಗಳ ಬೆನ್ನಿಗೆ ಕಳಸ, ಕನ್ನಡಿ ಹಿಡಿದು ನಿಲ್ಲುವ ಹುಡುಗಿ ಕಳಸಗಿತ್ತಿ. ಚಹಾದ ಕಪ್ಪಿನಲ್ಲಿ ಬೇವಿನೆಲೆ ಇಟ್ಟುಕೊಂಡು ನಾನು ಎಷ್ಟು ಸಲ ಅಭ್ಯಾಸ ಮಾಡಿದ್ದೇನೋ.

ಅವಳ ಮದುವೆ ನಿಶ್ಚಯವಾದ ವರ್ಷವೇ ನನ್ನ ಚುಕ್ಕೆಗಳು ದಾರಿ ತಪ್ಪಿದವು. ನಾನಾಗ ಸಿಂದಗಿಯ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಿದ್ದೆ. ಒಂದು ತಿಂಗಳು ಎರಡು ಸಲ ಬಂತು, ಆಮೇಲೆ ಬರುವುದೇ ನಿಂತಿತು. ಅವ್ವ ಹಾಸ್ಟೆಲಿನ ಊಟವನ್ನು ಬೈದಳು. ಮುದ್ದೇಬಿಹಾಳದ ಅತ್ತೆ, ಅಂದರೆ ಅಪ್ಪನ ತಂಗಿ, ಫೋನಿನಲ್ಲೇ, "ಸದಾ ಮೊಬೈಲ್ ಹಿಡಕೊಂಡು ಮಲಗತಾಳ, ಇನ್ನೇನ ಆಗತೈತಿ?" ಎಂದು ತೀರ್ಪು ಕೊಟ್ಟಳು. ನನಗೆ ಮಾತ್ರ ಒಳಗೊಳಗೇ ಹೆದರಿಕೆ. ಮೈಯೊಳಗೆ ಏನೋ ಕೆಟ್ಟಿದೆ, ಅದು ಇನ್ನು ಸರಿಹೋಗುವುದಿಲ್ಲ ಅನಿಸುತ್ತಿತ್ತು.

ಸಂಕ್ರಾಂತಿ ಮುಗಿದ ಮೇಲೆ ಅವ್ವ ನನ್ನನ್ನು ಬಾಗೇವಾಡಿಯ ಡಾಕ್ಟರ್ ಬಾಯಿಯವರ ಬಳಿ ಕರೆದೊಯ್ದಳು. ಅವರು ನಿಧಾನವಾಗಿ ಒಂದೊಂದೇ ಕೇಳಿದರು. ತೂಕ ಇಳಿದಿದೆಯೇ, ಉಪವಾಸ ಮಾಡುತ್ತೀಯಾ, ಪರೀಕ್ಷೆಯ ಚಿಂತೆಯೇ, ನಿದ್ದೆ ಹೇಗೆ, ಮುಖದ ಮೇಲೆ ಕೂದಲು ಹೆಚ್ಚಿದೆಯೇ. ಅವ್ವನನ್ನು ಸ್ವಲ್ಪ ಹೊತ್ತು ಹೊರಗೆ ಕೂಡಿಸಿ ಕೇಳಬೇಕಾದ ಇನ್ನೊಂದನ್ನೂ ಕೇಳಿದರು. ಥೈರಾಯ್ಡ್ ಹೆಚ್ಚುಕಡಿಮೆಯಾದರೂ ಹೀಗಾಗುತ್ತದೆ, ಅಂಡಾಶಯದಲ್ಲಿ ಸಣ್ಣ ಗುಳ್ಳೆಗಳಿದ್ದರೂ ಆಗುತ್ತದೆ ಎಂದು ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎರಡನ್ನೂ ಬರೆದುಕೊಟ್ಟರು.

"ಗುಳಿಗಿ ಏನರ ತಗೋತಾಳೇನ್ರಿ?" ಎಂದು ಮತ್ತೆ ಒಳಗೆ ಬಂದ ಅವ್ವನನ್ನು ಕೇಳಿದರು.

"ಇಲ್ರಿ ಬಾಯಾರ. ತಲಿನೋವಿಗೂ ನಾ ಗುಳಿಗಿ ಕೊಡಾಂಗಿಲ್ರಿ" ಎಂದಳು ಅವ್ವ ಹೆಮ್ಮೆಯಿಂದ. ನಾನೂ ಹೌದೆಂದು ತಲೆಯಾಡಿಸಿದೆ.

ಏಳುವಾಗ ಅವ್ವನೇ ತಿರುಗಿ ಕೇಳಿದಳು: "ಬ್ಯಾಸಗ್ಯಾಗ ದೊಡ್ಡಾಕಿ ಮದವಿ ಐತ್ರಿ. ಆಗ ಈಕಿಗೆ ಹಬ್ಬದ ಗುಳಿಗಿ ಕೊಟ್ರ ನಡೀತೈತೇನ್ರಿ?"

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಯಾವ ಹಬ್ಬದ ಗುಳಿಗಿ?"

"ಅದ ರೀ, ಕಡಿಗಿ ದಿನಾ ಮುಂದಕ್ಕ ಹಾಕೂದು. ಪಂಚಮಿಗೆ, ಗಣಪತಿಗೆ, ನವಮಿಗೆ, ಎಳ್ಳಮಾಸಿಗೆ. ಮೆಡಿಕಲ್‌ನ್ಯಾಗ ಕೇಳಿದ್ರ ಕೊಡತಾರ್ರಿ."

"ಈಗರ ಗುಳಿಗಿ ಇಲ್ಲ ಅಂದ್ರಿ!"

"ಅದೇನ ಔಷಧ ಅಲ್ಲಲ್ರಿ, ಹಬ್ಬದ್ದು."

ಅವ್ವ ಸುಳ್ಳು ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಅದು ಎಣ್ಣೆ, ಕರ್ಪೂರದ ಜತೆಗೇ ಸಂತೆಯ ಚೀಲದಲ್ಲಿ ಬರುತ್ತಿತ್ತು. ಅವ್ವ ಪ್ರಸಾದ ಹಂಚಿದಂತೆ ಅಕ್ಕನಿಗೂ ನನಗೂ ಅಂಗೈಗೆ ಹಾಕುತ್ತಿದ್ದಳು.

"ದೊಡ್ಡಾಕಿನೂ ನುಂಗ್ಯಾಳ್ರಿ, ಆಕಿಗೇನೂ ಆಗಿಲ್ಲ" ಎಂದು ಅವ್ವ ವಾದಿಸಿದಳು.

"ಎಲ್ಲಾರ ಮೈ ಒಂದ ಥರಾ ಇರಾಂಗಿಲ್ರಿ. ಇದೊಂದ ಕಾರಣ ಅಂತ ನಾನೂ ಹೇಳಾಂಗಿಲ್ಲ. ರಿಪೋರ್ಟ್ ಬರ್ಲಿ. ಆದ್ರ ಆಕಿ ಮೈ ತನ್ನ ಲೆಕ್ಕ ತಾ ಬರಕೋತೈತಿ, ನೀವು ಹಬ್ಬಕ್ಕೊಮ್ಮೆ ಹೋಗಿ ಅಳಸಾಕತ್ತೀರಿ. ಬಿಟ್ಟು ನೋಡ್ರಿ. ನನ್ನ ಕೇಳದ ಒಂದೂ ನುಂಗಿಸಬ್ಯಾಡ್ರಿ."

ಸ್ಕ್ಯಾನಿಂಗಿನಲ್ಲಿ ಗುಳ್ಳೆ ಇರಲಿಲ್ಲ. ಥೈರಾಯ್ಡ್ ಸರಿಯಿತ್ತು, ರಕ್ತ ಸ್ವಲ್ಪ ಕಡಿಮೆ. ಶ್ರಾವಣದಲ್ಲಿ ಹಿಡಿದ ಉಪವಾಸವನ್ನು ನಾನು ಹಾಸ್ಟೆಲಿನಲ್ಲಿ ಬಿಡದೆ ಮುಂದುವರಿಸಿದ್ದೆ, ಅದನ್ನೂ ನಿಲ್ಲಿಸಿದರು. ಊಟ ಸರಿಯಾಯಿತು, ರಕ್ತ ಹೆಚ್ಚಲು ಕಬ್ಬಿಣದ ಗುಳಿಗೆ ಶುರುವಾಯಿತು. ಯುಗಾದಿ ಬಂದರೂ ನೀಲಿ ಚುಕ್ಕೆ ಬರಲಿಲ್ಲ. ಅವ್ವ ದಿನಾ ಬೆಳಿಗ್ಗೆ ಫೋನ್ ಮಾಡಿ ಬೇರೆ ಏನೂ ಕೇಳದೆ, "ಹೂಂ?" ಎನ್ನುತ್ತಿದ್ದಳು. ನಾನು "ಉಹೂಂ" ಎನ್ನುತ್ತಿದ್ದೆ.

ಮದುವೆಗೆ ವಾರವಿರುವಾಗ ಅತ್ತೆ ಮುದ್ದೇಬಿಹಾಳದಿಂದ ಬಂದಳು. ಬಂದವಳೇ ನನ್ನನ್ನು ಕೋಣೆಗೆ ಕರೆದು ಪರ್ಸಿನಿಂದ ಗುಳಿಗೆಯ ಪಟ್ಟಿ ತೆಗೆದಳು. "ಇದೊಂದ ಸಲ ನುಂಗು. ಅಕ್ಷತಾ ಹೊತ್ತಿಗೆ ಕಡಿಗಿ ಕುಂತಿ ಅಂದ್ರ?"

ಆ ಪಟ್ಟಿ ಕೈಯಲ್ಲಿ ಹಿಡಿದು ನಿಂತಾಗ ಬೇವಿನೆಲೆಯ ಕಪ್ಪು ನೆನಪಾಯಿತು. ನುಂಗಿದರೆ ಕಳಸ ನನ್ನದು. ಆದರೆ ಅಷ್ಟು ತಿಂಗಳು ಕಾದದ್ದನ್ನು ಮತ್ತೆ ನನ್ನ ಕೈಯಾರೆ ಅಳಿಸಬೇಕು. ಪಟ್ಟಿಯನ್ನು ಅವಳ ಪರ್ಸಿಗೇ ಹಾಕಿದೆ.

"ಹಂಗಾರ ಕಳಸ ಹಿಡ್ಯಾಕ ನನ್ನ ಮಗಳಿಗೆ ಸೀರಿ ಇಸ್ತ್ರಿ ಮಾಡಿ ಇಟ್ಟಿರತೇನಿ" ಎಂದಳು ಅತ್ತೆ.

ಮದುವೆಯ ದಿನ ಬೆಳಿಗ್ಗೆ, ಸೀರೆ ಉಡುವ ಹೊತ್ತಿಗೆ, ಅದು ಬಂತು. ಮಂಟಪದ ಹಿಂದಿನ ಕೋಣೆಯಲ್ಲಿ ಅವ್ವನ ಕಿವಿಯಲ್ಲಿ ಹೇಳಿದೆ. ಅವಳ ಕೈಯಲ್ಲಿದ್ದ ಹೂವಿನ ಬುಟ್ಟಿ ಅಲ್ಲೇ ನಿಂತಿತು.

"ತಾನಾಗೇ?"

"ತಾನಾಗೇ."

ಅವ್ವ ನಕ್ಕಳು, ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಬುಟ್ಟಿಯಿಂದ ಮಲ್ಲಿಗೆ ತೆಗೆದು ನನ್ನ ಜಡೆಗೆ ಮುಡಿಸಿಯೂಬಿಟ್ಟಳು. ಕಳಸ ನೆನಪಾದದ್ದು ಆಮೇಲೆ. ಮುಖ ಸಣ್ಣದು ಮಾಡಿಕೊಂಡು ಆಯಿ ಕೂತ ಕುರ್ಚಿಯ ಬಳಿ ಹೋಗಿ ಬಗ್ಗಿದಳು. ಅತ್ತೆಯೂ ಅಲ್ಲೇ ಇದ್ದಳು.

"ಅತ್ತಿ, ಸಣ್ಣಾಕಿಗೆ ಬಂತ್ರಿ" ಎಂದಳು ಆಯಿಯ ಕಿವಿಯಲ್ಲಿ.

"ಏನಂದಿ? ಮಳಿ ಬಂತಾ?"

"ಮಳಿ ಅಲ್ರಿ…"

"ಬರ್ಲಿ ಬಿಡು, ಚಲೋ ಆತು. ಎಷ್ಟ ದಿನಾತು ದಾರಿ ನೋಡಿ."

"ಅವ್ವಾ, ಆಕಿ ಕಡಿಗಿ ಆಗ್ಯಾಳ!" ಎಂದು ಅತ್ತೆ ಜೋರಾಗಿಯೇ ಹೇಳಿದಳು.

"ಕಡಿಗಿ ಯಾಕ ನಿಂತಾಳ ಹುಚ್ಚಿ? ಕಳಸಗಿತ್ತಿ ನಡುವ ನಿಂದ್ರಬೇಕು. ಕರೀರಿ ಆಕಿನ್ನ, ಅಕ್ಷತಾ ಹೊತ್ತಾತು!"

ಅಲ್ಲೇ ಇದ್ದ ಅಕ್ಕ ಕಳಸವನ್ನೆತ್ತಿ ನನ್ನ ಕೈಗಿಟ್ಟಳು. ಅವಳ ಬೆನ್ನ ಹಿಂದೆ ನಿಂತಾಗ ಅಕ್ಕಿಕಾಳು ಇಬ್ಬರ ತಲೆಯ ಮೇಲೂ ಬಿದ್ದವು.

ಅಕ್ಷತೆ ಮುಗಿದ ಮೇಲೆ ಮಂಟಪದ ಆಚೆ ತುದಿಯಲ್ಲಿ ಯಾರೋ ಸಣ್ಣ ದನಿಯಲ್ಲಿ ಚಹಾದ ಮಾತೆತ್ತಿದರು. ಆಯಿ ಕುರ್ಚಿಯಿಂದಲೇ ಕೂಗಿದಳು: "ನನಗೂ ಒಂದ ಕಪ್ ತರ್ರಿ. ಸಕ್ರಿ ಜಾಸ್ತಿ!"