ಪಾಂಡವರಾಗಿ ಕೂತ ಕಲ್ಲುಗಿಡಗಳು

ಮದುವೆಯಾಗಿ ನಾನು ಇಂಡಿಯಿಂದ ಹೂವಿನ ಹಿಪ್ಪರಗಿಗೆ ಬಂದ ಮರುವರ್ಷದ ಮಾತು. ಎಪ್ಪತ್ತರ ದಶಕ. ಊಟಿಯಲ್ಲಿದ್ದ ನನ್ನಕ್ಕ ಒಂದು ಸಣ್ಣ ಮಣ್ಣಿನ ಕುಂಡವನ್ನು ಮಗುವಿನಂತೆ ಎದೆಗವಚಿಕೊಂಡು ಬಸ್ಸಿಳಿದಳು. ಒಳಗೆ ಬರೀ ಹರಳುಕಲ್ಲು. ಹರಳುಗಳ ನಡುವೆ, ಮಧ್ಯಕ್ಕೆ ಸೀಳಿದ್ದ ಎರಡು ಬೂದು ಕಲ್ಲು.

"ಅಯ್ಯ ಹುಚ್ಚಿ, ಕಲ್ಲಲ್ಲ, ಗಿಡ ಇವು! ಅಲ್ಲಿ ಮಂಜಿಗೆ, ಮಳಿಗೆ ನನ್ನವೆಲ್ಲಾ ಕೊಳತು ಹೋದ್ವು. ಉಳದಿದ್ದು ಇವೆರಡ. ನಿಮ್ಮ ಒಣ ಹವಾದಾಗರ ಬದಕ್ತಾವೇನೋ ನೋಡು. ಇವೂ ಸತ್ತರ ನನಗ ಭಾಳ ಸಂಕಟ ಆಗತೈತಿ," ಎಂದಳು. ಉಪಚಾರವನ್ನೂ ಹೇಳಿಕೊಟ್ಟಳು: ಬೇಸಿಗೆಯಲ್ಲಿ ನೆರಳು, ನೀರು ಇಲ್ಲವೇ ಇಲ್ಲ ಅನ್ನುವಷ್ಟು. ಮಳೆಗಾಲ ಮುಗಿದ ಮೇಲೆ ತುಸು ನೀರು. ಚಳಿಗಾಲದಲ್ಲಿ ಹನಿಯೂ ಕೂಡದು. ಹಳೆಯ ಎಲೆ ಒಣಗಿ, ಅದರ ಹೊಟ್ಟೆಯೊಳಗಿಂದ ಹೊಸ ಜೋಡಿ ಬರಬೇಕು.

ಅಕ್ಕ ಹೇಳಿದಂತೆಯೇ ಮಾಡಿದೆ. ದಸರೆಯ ಹೊತ್ತಿಗೆ ಚಮಚದಿಂದ ನೀರು ಹಾಕುವುದನ್ನು ಕಂಡು ಓಣಿಯ ಹೆಂಗಸರು ಅತ್ತೆಯನ್ನು ಕೇಳಿದರು: "ಯಕ್ಕಾ, ನಿಮ್ಮ ಸೊಸಿ ಕಲ್ಲಿಗೆ ನೀರುಣಸಾಕತ್ತಾಳಲ್ಲ, ತಲಿ ನೆಟ್ಟಗೈತಿಲ್ಲೋ?" ಅತ್ತೆ ಸೆರಗಿನಿಂದ ಬಾಯಿ ಮುಚ್ಚಿ ನಕ್ಕರು. ಒಂದು ಮಧ್ಯಾಹ್ನ ಆ ಸೀಳಿನಿಂದ ಹಳದಿ ಹೂವೊಂದು ಅರಳಿತು ನೋಡಿ, ನಾನು ಅಂಗಳದ ತುಂಬ ಕುಣಿದೆ! ಕರೆದು ತೋರಿಸೋಣವೆಂದರೆ ಅತ್ತೆ ಸಂತೆಗೆ ಹೋಗಿದ್ದರು, ಬರುವಷ್ಟರಲ್ಲಿ ಹೂ ಮುದುಡಿತ್ತು. ಆಮೇಲೆ ಚಳಿ ಬಂತು, ನೀರು ನಿಲ್ಲಿಸಿದೆ. ಗಿಡಗಳು ಸುಕ್ಕುಗಟ್ಟಿ ಥೇಟ್ ಹರಳಾದವು. ಸೊಸೆಯ ಹುಚ್ಚು ಬಿಟ್ಟಿತೆಂದು ಅತ್ತೆಗೆ ಸಮಾಧಾನವಾಯಿತು.

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ನಸುಕಿನಲ್ಲೇ ಎದ್ದು ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಗಾಡಿಯಲ್ಲಿ ಹೊಲಕ್ಕೆ ಹೋದೆವು. ಅಂದು ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜಿಸಿ, ಬೆಳೆಗೆ ನೈವೇದ್ಯದ ಚರಗ ಚೆಲ್ಲುತ್ತಾರೆ. ನಮ್ಮದು ಎರೆಭೂಮಿ, ಹುಡುಕಿದರೂ ಒಂದು ಹರಳು ಸಿಗದು. ಕಲ್ಲುಗಳನ್ನು ಮನೆಯಿಂದಲೇ ಒಯ್ಯಬೇಕು. ಅತ್ತೆ ಒಯ್ದಿದ್ದರು.

ಪೂಜೆ ಮುಗಿಯಿತು. ನೆಲಕ್ಕೆ ಹಣೆ ಹಚ್ಚಿದೆ. ಮೂಗಿನ ಮುಂದೆಯೇ ಇದ್ದ ಒಬ್ಬ ಪಾಂಡವನ ನೆತ್ತಿ ಸೀಳಿತ್ತು. ಪಕ್ಕದವನದ್ದೂ!

"ಯವ್ವಾ!" ಎಂದು ಕಿರುಚಿದೆನಲ್ಲ, ಎತ್ತುಗಳು ಬೆದರಿದವು, ಮಾವನ ಕೈಯಲ್ಲಿದ್ದ ಚರಗ ಒಂದೇ ಕಡೆ ಸುರಿಯಿತು. ಅತ್ತೆ ಮಾತ್ರ ಕೈ ಮುಗಿದು, "ಮೈಮ್ಯಾಲೆ ಬಂತು! ಏನ ಬೇಕ ಕೇಳು ತಾಯಿ," ಎನ್ನುತ್ತ ನನ್ನ ಹಣೆಗೆ ಭಂಡಾರ ಮೆತ್ತಿದರು.

"ನನ್ನ ಗಿಡಾ ಬೇಕ್ರೀ ಅತ್ತಿ! ಅವು ಕಲ್ಲಲ್ಲ!"

"ನಾ ತರಾಗ ಕಲ್ಲ ಇದ್ವು. ಈಗ ದೇವ್ರಾಗ್ಯಾವು. ಪೂಜಿ ಆದ ದೇವ್ರನ್ನ ಯಾರರ ಕೀಳ್ತಾರೇನ?"

ನನ್ನ ಗಂಡ ಬಾಯ್ತುಂಬ ಹೋಳಿಗೆ ಇಟ್ಟುಕೊಂಡು ಆಚೆ ಮುಖ ತಿರುಗಿಸಿದ. ಹೆಗಲು ಕುಣಿಯುತ್ತಿದ್ದವು. ನನಗೂ ಅಳುತ್ತಳುತ್ತಲೇ ನಗು ಬಂದುಬಿಟ್ಟಿತು, ಅದಕ್ಕೇ ಇನ್ನಷ್ಟು ಸಿಟ್ಟು.

ಆಮೇಲೆ ಬುತ್ತಿ ಒಯ್ಯುವ ನೆಪದಲ್ಲಿ ನಾನು ಹೊಲಕ್ಕೆ, ದೇವರು ಕಾಯುವ ನೆಪದಲ್ಲಿ ನನ್ನ ಹಿಂದೆ ಅತ್ತೆ. ಒಮ್ಮೆ ಅವರು ಪಾಂಡವರಿಗೆ ತಂಬಿಗೆ ನೀರು ಬಗ್ಗಿಸಲು ಹೋದಾಗ ಅಡ್ಡ ಕೈ ಹಿಡಿದೆ. "ಬ್ಯಾಡ್ರೀ! ಈ ಥಂಡ್ಯಾಗ ದೇವ್ರಿಗೆ ನೆಗಡಿ ಬರಂಗಿಲ್ಲೇನ್ರಿ?" ಎಂದೆ. "ಹೌದಲ್ಲ," ಎಂದು ತಂಬಿಗೆ ಇಳಿಸಿದರು. ಮುಂದೆ ಯಾರೂ ನೀರೆರೆಯದಂತೆ ಅವರೇ ಕಾದರು.

ಯುಗಾದಿಗೆ ಅಕ್ಕ ಬಂದಳು. ಹೊಲದ ಹಾದಿಯಲ್ಲಿ, ಅತ್ತೆ ತುಸು ಹಿಂದೆ ಬರುತ್ತಿದ್ದಾಗ, ಎಲ್ಲ ಹೇಳಿದೆ. ಬೈಯಲಿಲ್ಲ. "ಹೋಗ್ಲಿ ಬಿಡು," ಎಂದು ಮುಂದೆ ನಡೆದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಬನ್ನಿಗಿಡದ ಬುಡದಲ್ಲಿ ಆ ಎರಡರ ಸುಣ್ಣ ಬಿರಿದಿತ್ತು. ಒಣಗಿದ ಸಿಪ್ಪೆಯ ನಡುವೆ ನುಣ್ಣನೆಯ ಹೊಸ ಜೋಡಿ, ಎರಡರಲ್ಲೂ! ಅಕ್ಕ ಹೆಂಟೆಗಳ ಮೇಲೆ ದೊಪ್ಪನೆ ಕೂತು, "ನನ್ನ ಕಡೆ ಒಂದರ ಹಿಂಗ ಹುಟ್ಟಿತ್ತೇನ!" ಎಂದು ನಗುತ್ತ ಕಣ್ಣೊರೆಸಿಕೊಂಡಳು. ನಾನು ಸೀರೆ ಎತ್ತಿ ಕಟ್ಟಿ ಬನ್ನಿಗಿಡದ ಸುತ್ತ ಕುಣಿದೆ. ಆದರೆ ಕೀಳಲು ಕೈ ಮುಂದಾಗಲಿಲ್ಲ. ಅತ್ತೆಯ ಮುಖ ನೋಡಿದೆ.

ಅವರು ಕುಕ್ಕರಗಾಲಲ್ಲಿ ಕೂತು ಬಗ್ಗಿ ನೋಡಿದರು. ಆಮೇಲೆ ಸುಣ್ಣ ಹತ್ತಿದ ಸಿಪ್ಪೆಗಳನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ, ಉಳಿದ ಮೂವರ ಪಕ್ಕದಲ್ಲಿ ಅವರವರ ಜಾಗಕ್ಕೇ ಇಟ್ಟು, ಹೊಸವನ್ನು ಬೇರುಸಮೇತ ಎತ್ತಿದರು.

"ಪೂಜಿ ಆಗಿದ್ದು ಹಳೇ ಸಿಪ್ಪಿಗೆ. ಇವು ಈಗಷ್ಟ ಹುಟ್ಟಿದ ಕೂಸು, ಇನ್ನೂ ದೇವ್ರಾಗಿಲ್ಲ," ಎಂದರು. "ಹಿಡಿ, ಉಡಿ ಒಡ್ಡು."